ಬಾಲದ ಅಕ್ಷರ

"ಇನ್ನೊಮ್ಮೆ ಹೇಳು," ಎಂದಳು ರತ್ನವ್ವ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಎಂಟನೇ ಕ್ಲಾಸಿನ ಮಗಳು ಕೀರ್ತಿ ಇಂಗ್ಲಿಷ್ ವ್ಯಾಕರಣದ ಪುಸ್ತಕದಿಂದ ತಲೆಯೆತ್ತಿದಳು. "ಪದದ ಹಿಂದೆ ಬಾಲ ಅಂಟಿಸಿದ್ರೆ ಅರ್ಥ ಬದಲಾಗುತ್ತೆ ಅವ್ವಾ. ಟ್ರೈನ್ ಅಂದ್ರೆ ಕಲಿಸೋದು. ಇ, ಆರ್ ಹಾಕಿದ್ರೆ ಟ್ರೈನರ್, ಕಲಿಸೋರು. ಎರಡು ಇ ಹಾಕಿದ್ರೆ ಟ್ರೈನೀ, ಕಲಿಯೋರು."

"ನನ್ನ ಫ್ಯಾಕ್ಟರಿ ಕಾರ್ಡಿನಾಗ ಯಾವ್ದೈತಿ ನೋಡು."

ಕೀರ್ತಿ ಮೊಳೆಗೆ ತೂಗುಹಾಕಿದ್ದ ಕಾರ್ಡು ತೆಗೆದು ಓದಿದಳು. ಕೊನೆಯ ಅಕ್ಷರಗಳ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. "ಎರಡು ಇ," ಎಂದಳು ಕೊನೆಗೆ.

ರೋಣದ ಕಡೆಯಿಂದ ಬೆಂಗಳೂರಿನ ತಣಿಸಂದ್ರಕ್ಕೆ ಬಂದು ರತ್ನವ್ವ ಗಾರ್ಮೆಂಟ್ಸ್ ಸೇರಿ ಎಂಟು ವರ್ಷವಾಗಿತ್ತು. ಮೊದಲ ಆರು ತಿಂಗಳು ಕಲಿತಿದ್ದಳು. ಆಮೇಲೆಲ್ಲ ಹೊಸದಾಗಿ ಬಂದವರಿಗೆ ಕಾಲರ್ ಹೊಲಿಯುವುದನ್ನು ಕಲಿಸಿದ್ದಳು. ಎಲ್ಲರೂ ಅವಳನ್ನು ಟ್ರೈನರ್ ಅಕ್ಕ ಎಂದೇ ಕರೆಯುತ್ತಿದ್ದರು. ಕಾರ್ಡಿನಲ್ಲೂ ಅದೇ ಇದೆಯೆಂದು ಅವಳು ನಂಬಿದ್ದಳು. ಹೋದ ತಿಂಗಳು ಸೂಪರ್‌ವೈಸರ್ ಕೆಲಸ ಕೇಳಿದಾಗ ಆಫೀಸಿನವರು "ಆ ಪೋಸ್ಟ್ ನಿಮಗೆ ಬರಲ್ಲ" ಎಂದಷ್ಟೇ ಹೇಳಿ, ಅವಳ ಕೈಯಲ್ಲೇ ಪಳಗಿದ ರವಿಕಿರಣನಿಗೆ ಅದನ್ನು ಕೊಟ್ಟಿದ್ದರು.

ಬೆಳಿಗ್ಗೆ ಅವಳು ನೇರವಾಗಿ ಮ್ಯಾನೇಜರ್ ಗುರುಚರಣನ ಟೇಬಲ್ಲಿನ ಮುಂದೆ ಕಾರ್ಡು ಹಿಡಿದು ನಿಂತಳು.

"ಅದೊಂದು ಅಕ್ಷರ ಕಣ್ರೀ ರತ್ನಮ್ಮ. ಅದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರ? ಕೆಲ್ಸ ಇದ್ಯಲ್ಲ."

"ರತ್ನಮ್ಮ ಅಲ್ರೀ, ರತ್ನವ್ವ. ಒಂದ ಅಕ್ಷರ ಅಂದ್ರ ಇವತ್ತ ತಿದ್ದಿ ಕೊಡ್ರಿ."

"ಹಂಗೆಲ್ಲ ಆಗಲ್ಲ. ಟ್ರೈನರ್ ಅಂತ ಬರೆದ್ರೆ ಪರ್ಮನೆಂಟ್ ಮಾಡ್ಬೇಕಾಗುತ್ತೆ."

"ಅಂದ್ರ ನಿಮಗ ಮೊದಲಿಂದ ಗೊತ್ತಿತ್ತು!"

ಗುರುಚರಣ ಕಂಪ್ಯೂಟರಿನತ್ತ ತಿರುಗಿದ. ರತ್ನವ್ವ ಸೀದಾ ಹೊಲಿಗೆ ಶೆಡ್ಡಿಗೆ ನಡೆದಳು.

ಆ ದಿನ ಹನ್ನೆರಡು ಹುಡುಗಿಯರು ಹೊಸದಾಗಿ ಬಂದು ಅವಳಿಗಾಗಿ ಕಾಯುತ್ತಿದ್ದರು. ರತ್ನವ್ವ ಅವರ ಪಕ್ಕದಲ್ಲೇ ಒಂದು ಸ್ಟೂಲ್ ಎಳೆದುಕೊಂಡು, ಕೈಕಟ್ಟಿ ಕುಳಿತಳು.

ಹತ್ತು ನಿಮಿಷಕ್ಕೆ ರವಿಕಿರಣ ಓಡಿಬಂದ. "ಅಕ್ಕಾ, ಏನಿದು? ಶುಕ್ರವಾರ ಮಾಲು ಹೋಗ್ಬೇಕು."

"ನಾ ಕಲಿಯೋಕಿ ಅಂತಪ್ಪಾ. ಕಲಿಸೋರನ್ನ ಕರಿ."

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಗುರುಚರಣನನ್ನು ಕರೆತಂದ.

"ಏನ್ ಡ್ರಾಮಾ ಇದು? ಏಳಿ ಮೇಲೆ! ಇಲ್ಲಾಂದ್ರೆ ಗೇಟಿಂದಾಚೆ ಹೋಗ್ತೀರ," ಎಂದು ಗುರುಚರಣ ಕೂಗಿದ.

ರತ್ನವ್ವನ ದನಿ ಅವನಿಗಿಂತ ಗಟ್ಟಿಯಾಗಿ ಬಂತು. "ಕಳಸ್ರಿ! ಅದಕ್ಕೂ ಮೊದಲ ಕಲಿಸ್ರಿ ಸಾಹೇಬ್ರ. ಎಂಟ ವರ್ಷದಿಂದ ಕಲಿಯಾಕತ್ತೀನಂತ ನೀವ ಬರದೀರಿ. ಕಾಲರ್ ಹೆಂಗ ಹಚ್ಚೂದು, ತೋರಸ್ರಿ ಈ ಹುಡುಗ್ಯಾರಿಗೆ."

ಸುತ್ತಲಿನ ಮಷೀನುಗಳು ಒಂದೊಂದಾಗಿ ನಿಂತವು. ಆ ಶೆಡ್ಡಿನಲ್ಲಿ ಹಗಲು ಹೊತ್ತು ಫ್ಯಾನುಗಳ ಸದ್ದು ಕೇಳಿಸಿದ್ದು ಅದೇ ಮೊದಲು.

ಗುರುಚರಣ ಸುತ್ತ ನೋಡಿದ. ನೂರಾರು ಮುಖಗಳು ಅವನನ್ನೇ ನೋಡುತ್ತಿದ್ದವು. "ಇದೇನ್ ಮಹಾ ವಿದ್ಯೆನಾ," ಎನ್ನುತ್ತ ಮಷೀನಿನ ಮುಂದೆ ಕುಳಿತ. ದಾರದ ತುದಿ ಹಿಡಿದು ಬಗ್ಗಿ ಸೂಜಿಯ ಕಣ್ಣಿಗೆ ತಂದ. ಅದು ಪಕ್ಕಕ್ಕೆ ಸರಿಯಿತು. ನಾಲಿಗೆಗೆ ತಾಗಿಸಿ ಹೊಸೆದು ಮತ್ತೆ ಪ್ರಯತ್ನಿಸಿದ.

ಯಾರೂ ನಗಲಿಲ್ಲ.