ಅರ್ಧ ಕೊಯ್ತಾ

“ಬೀಗ ಹಾಕಿದ ಮನಿಗೆ ಕೂಸ ಕೊಡ್ರಿ ಅಂತ ಬರೀಲೇನ ಬೇ? ನಿಮ್ಮ ಬೀಗ ಅದಕ್ಕ ರೊಟ್ಟಿ ಬಡದ ಹಾಕತೈತೇನ?”

ವಿರುಪಾಕ್ಷಪ್ಪ ಸಾಹೇಬ ಫೈಲನ್ನು ಎತ್ತಿ ಮೇಜಿನ ಮೇಲೆ ಒಗೆದ. ಶೇವಂತಾ ಹೊಸ್ತಿಲ ಹೊರಗೇ ನಿಂತಿದ್ದಳು. ಅದು ತಾಲೂಕಿನ ಮಕ್ಕಳ ಕಚೇರಿ. ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ, ಅನ್ನುವವರೂ ಇರಲಿಲ್ಲ. ಅವಳ ಸೀರೆಗೆ ಹತ್ತಿದ ಕಬ್ಬಿನ ಮಸಿ ಕಂಡು ಸಿಪಾಯಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದ.

“ಸಾಹೇಬ್ರ, ನೀವು ಅಲಖನೂರಿಗೆ ಬಂದಾಗ ನಾವು ಐನಾಪುರದಾಗ ಕಬ್ಬ ಕಡ್ಯಾಕತ್ತಿದ್ವಿರಿ. ಈ ದಿನದಾಗ ನಮ್ಮ ಓಣಿ ಪೂರಾ ಬೀಗಾನ ಇರತೈತ್ರಿ. ಆಜೂಬಾಜೂ ಯಾರನ್ನರ ಕೇಳಿದ್ರ ಹೇಳ್ತಿದ್ರು.”

“ಯಾರನ್ನ ಕೇಳ್ಲಿ? ನಿಮ್ಮ ಓಣ್ಯಾಗ ಎರಡ ನಾಯಿ ಇದ್ದೂ. ಅವನ್ನ ಕೇಳ್ಲಿ?”

ಸಿಪಾಯಿ ಕರವಸ್ತ್ರದ ಹಿಂದೆ ನಕ್ಕ. ಸಾಹೇಬ ತಾನು ಬರೆದದ್ದನ್ನು ಓದಿ ಹೇಳಿದ: “ಸದರಿ ವಿಳಾಸದಲ್ಲಿ ಯಾರೂ ವಾಸವಿರುವುದಿಲ್ಲ.” ಈ ವರದಿ ಆಗಲೇ ಗಡಿಯ ಆಚೆ, ಮರಾಠಿ ಸೀಮೆಗೆ ಹೋಗಿ ಮುಟ್ಟಿತ್ತು. ಇನ್ನೊಂದು ಬರೆಯಬೇಕಾದರೆ ಆಚೆಯವರು ಮತ್ತೆ ಕೇಳಬೇಕು. ಆಚೆಯವರು ಕೇಳಬೇಕಾದರೆ ಈಚೆಯವರು ಬರೆಯಬೇಕು. ಶೇವಂತಾ ಈ ಸುತ್ತನ್ನು ಮೂರು ತಿಂಗಳಿಂದ ಸುತ್ತುತ್ತಿದ್ದಳು. ಸುತ್ತಿ ಸುತ್ತಿ ಅವಳ ಕಾಲಿನ ಹಿಮ್ಮಡಿ ಸೀಳಿತ್ತು.

“ನನ್ನ ಮಗಳ್ರಿ ಆಕಿ,” ಎಂದಳು.

“ಹಂಗಂತ ಹಣಿ ಮ್ಯಾಲ ಬರದೈತೇನ? ನಡಿ, ನಡಿ. ಊಟದ ಟೈಮ್ ಆತು.”

ನೀಲಮಳಿಗೆ ಐದು ವರ್ಷ. ಕಬ್ಬು ಹೇರುವಾಗ ಕಡಿಯುವವರ ಟೋಳಿಯ ಮಕ್ಕಳೆಲ್ಲ ಟ್ರ್ಯಾಕ್ಟರಿನ ಸುತ್ತ ಆಡುತ್ತವೆ. ಬೇರೆಲ್ಲಿ ಆಡಬೇಕು? ಅವತ್ತು ಮಧ್ಯಾಹ್ನ ಆ ಹುಡುಗಿ ಡ್ರೈವರನ ಸೀಟಿನ ಹಿಂದೆ ಹಾಸಿದ್ದ ಗೋಣಿಚೀಲದ ಮೇಲೆ ಹತ್ತಿ ಮಲಗಿಬಿಟ್ಟಿತ್ತು. ಮೇಲೆ ಅವನದೇ ಕಂಬಳಿ ಬಿದ್ದಿತ್ತು. ಅವನು ಹಾಡು ಹಚ್ಚಿಕೊಂಡು ಕಾಗವಾಡ ದಾಟಿ ಗಡಿಯಾಚೆಯ ಸಕ್ಕರೆ ಕಾರಖಾನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯಲು ಇಳಿದುಹೋದ. ಹುಡುಗಿ ಎದ್ದು ಅಳತೊಡಗಿದಾಗ ಅಲ್ಲಿ ಇನ್ನೂರು ಟ್ರ್ಯಾಕ್ಟರುಗಳಿದ್ದವು, ಅವ್ವ ಇರಲಿಲ್ಲ. ಕಾವಲುಗಾರ ಪೊಲೀಸರಿಗೆ ಕೊಟ್ಟ, ಪೊಲೀಸರು ಮಕ್ಕಳ ಸಮಿತಿಗೆ ಕೊಟ್ಟರು, ಸಮಿತಿಯವರು ಬಾಲಗೃಹಕ್ಕೆ ಹಾಕಿದರು. ಕಬ್ಬು ಈಚೆ ಬೆಳೆದು ಆಚೆ ಅರೆಯುವುದಕ್ಕೆ ಯಾವ ಸರಕಾರದ ತಕರಾರೂ ಇಲ್ಲ. ಒಂದು ಕೂಸು ಹಾಗೆ ದಾಟಿದರೆ ಮಾತ್ರ ಎರಡೂ ಸರಕಾರಗಳಿಗೆ ಕಾಗದ ಬೇಕಾಗುತ್ತದೆ.

ಅದೂ ಸುಲಭದಲ್ಲಿ ಬಗೆಹರಿಯುತ್ತಿತ್ತೇನೋ. ಪೊಲೀಸರು ಕೂಸು ಯಾರದೆಂದು ಫೋನು ಮಾಡಿ ಕೇಳಿದಾಗ ಟೋಳಿ ಕಟ್ಟಿದ ಮೇಸ್ತ್ರಿ, ಮುಕಾದಮ ಜ್ಞಾನದೇವ ತನ್ನ ಪಟ್ಟಿ ತೆಗೆದು ಓದಿದ. ತಂದೆ ಸತ್ತೆಪ್ಪ, ತಾಯಿ ಶೇವಂತಾ. ಅಲ್ಲಿಗೆ ಎಲ್ಲ ಕೆಟ್ಟಿತು. ಸತ್ತೆಪ್ಪ ಶೇವಂತಾಳ ಒಡಹುಟ್ಟಿದ ತಮ್ಮ.

ಕಬ್ಬು ಕಡಿಯುವವರನ್ನು ಯಾರೂ ತಲೆ ಎಣಿಸುವುದಿಲ್ಲ, ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ ಎಣಿಸುತ್ತಾರೆ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಒಂಟಿಯಾಗಿ ಬಂದವಳು ಅರ್ಧ ಕೊಯ್ತಾ, ಅವಳನ್ನು ಯಾವ ಟೋಳಿಯೂ ಸೇರಿಸುವುದಿಲ್ಲ. ಗಂಡ ಹೆಂಡತಿಯಾದರೆ ಹಂಗಾಮಿನ ನಡುವೆ ಒಬ್ಬರನ್ನೊಬ್ಬರು ಬಿಟ್ಟು ಓಡಿಹೋಗುವುದಿಲ್ಲ ಎಂದು ಮುಕಾದಮರ ನಂಬಿಕೆ. ಶೇವಂತಾಳ ಗಂಡ ಮಲ್ಲೇಶ ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಸತ್ತ. ಆಕೆ ತಮ್ಮನನ್ನು ಕರೆದುಕೊಂಡು ಬಂದಾಗ ಜ್ಞಾನದೇವ ಕಣ್ಣು ಕೂಡ ಮಿಟುಕಿಸದೆ ಇಬ್ಬರನ್ನೂ ಗಂಡ ಹೆಂಡತಿ ಎಂದು ಬರೆದುಕೊಂಡ. ಹೊಟ್ಟೆಗಾಗಿ ಅವರೂ ಹೆಬ್ಬೆಟ್ಟು ಒತ್ತಿದರು.

ಈಗ ಆಕೆಯ ಆಧಾರಿನಲ್ಲಿ ಗಂಡ ಮಲ್ಲೇಶ, ಅಂಗನವಾಡಿ ಕಾರ್ಡಿನಲ್ಲಿ ನೀಲಮಳ ಅಪ್ಪ ಮಲ್ಲೇಶ, ಪೊಲೀಸರ ಕಾಗದದಲ್ಲಿ ಅಪ್ಪ ಸತ್ತೆಪ್ಪ. ಇವಳು ಯಾರು, ಯಾರ ಹೆಂಡತಿ, ಕೂಸು ನಿಜಕ್ಕೂ ಇವಳದೋ ಎಲ್ಲಿಂದಲೋ ಎತ್ತಿಕೊಂಡು ಬಂದದ್ದೋ ಎಂದು ಸಮಿತಿಗೆ ಸಂಶಯ. ನಾಲ್ಕು ತಿಂಗಳೊಳಗೆ ಸರಿಯಾದ ವಾರಸುದಾರರು ಸಿಗದಿದ್ದರೆ ನೀಲಮಳ ಹೆಸರು ದತ್ತು ಕೊಡುವ ಪಟ್ಟಿಗೆ ಹೋಗುತ್ತದೆ. ಹನ್ನೊಂದು ದಿನ ಉಳಿದಿದ್ದವು.

ಶೇವಂತಾ ಕಚೇರಿಯಿಂದ ಹಾರೂಗೇರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಐನಾಪುರದ ಹೊಲಕ್ಕೆ ನಡೆದುಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಜ್ಞಾನದೇವ ಬದುವಿನ ಮೇಲೆ ಕಾಲು ಅಗಲಿಸಿ ನಿಂತಿದ್ದ.

“ಬಂದ್ಳ ನೋಡ ಮಹಾರಾಣಿ! ಅರ್ಧ ಎಕರೆ ಹಂಗ ನಿಂತೈತಿ. ನಿಮ್ಮಪ್ಪ ಬಂದ ಕಡೀತಾನೇನ ಬೋಸುಡಿ?”

“ಮುಕಾದಮರ, ನಿಮ್ಮ ಕಾಲ ಹಿಡೀತೀನ್ರಿ. ಆ ಪಟ್ಟಿ ಸುಳ್ಳ ಐತಿ ಅಂತ ಒಂದ ಚೀಟಿ ಬರದ ಕೊಡ್ರಿ. ಸತ್ತೆಪ್ಪ ನನ್ನ ತಮ್ಮ ಅಂತ ಬರೀರಿ ಸಾಕ.”

ಆಕೆ ನಿಜಕ್ಕೂ ಬಾಗಿದಳು. ಅವನು ಕಾಲು ಹಿಂದೆ ಸರಿಸಿದ. ಮುಟ್ಟಿಸಿಕೊಳ್ಳುವ ಮನಸ್ಸಿರಲಿಲ್ಲ.

“ಹುಚ್ಚ ಹಿಡದೈತೇನ ನಿನಗ? ನನ್ನ ಹದಿನೆಂಟ ಕೊಯ್ತಾದಾಗ ಐದ ಹಿಂಗಾನ ಅದಾವ. ನಿಂದೊಂದ ಬಿಚ್ಚಿದ್ರ ಕಾರಖಾನ್ಯಾಗ ನನ್ನ ಟೋಳೀನ ಬರಖಾಸ್ತ.” ಆಮೇಲೆ ದನಿ ಇಳಿಸಿದ. “ಸುಮ್ನ ನನ್ನ ಮಾತ ಕೇಳ. ಇಬ್ರೂ ಹೋಗಿ, ಹೌದ್ರಿ, ನಾವು ಗಂಡ ಹೆಂಡ್ತಿ ಅನ್ರಿ. ಮಲ್ಲೇಶ ಸತ್ತ ಮ್ಯಾಲ ಇವನ್ನ ಉಡಿಕಿ ಮಾಡ್ಕೊಂಡೀನಿ ಅನ್ನು. ಪಟ್ಟಿ ಖರೆ ಆಗತೈತಿ, ಸಂಜೀಕ ಕೂಸ ಕೈಯಾಗಿರತೈತಿ. ನಾಲಗೀಗೆ ಎಲಬ ಐತೇನ?”

ಸತ್ತೆಪ್ಪ ಕಬ್ಬಿನ ಹೊರೆ ಹೊತ್ತುಕೊಂಡು ಅಲ್ಲೇ ನಿಂತಿದ್ದ. ಇಪ್ಪತ್ತೆರಡರ ಹುಡುಗ, ಮೀಸೆ ಈಗಷ್ಟೆ ದಪ್ಪಗಾಗುತ್ತಿತ್ತು. ಅವನ ಮುಖ ಕೆಂಪಾಗಿ, ಆಮೇಲೆ ಸುಟ್ಟಂತೆ ಕಪ್ಪಾಯಿತು. ಹೊರೆ ಇಳಿಸಿದ, ಬೆವರು ಒರೆಸಿಕೊಂಡ, ಅಕ್ಕನ ಮುಖ ನೋಡದೆ ಹೇಳಿದ:

“ಯಕ್ಕಾ, ಅಂತೀನಿ ತಗೋ. ನೀಲವ್ವ ಬರ್ಲಿ.”

ಶೇವಂತಾ ಅಲ್ಲೇ ಕುಸಿದು ಅತ್ತಳು. ಈ ತಮ್ಮನನ್ನು ಆಕೆ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು.

ಎರಡು ದಿನ ಬಿಟ್ಟು ಇಬ್ಬರೂ ಗಡಿಯಾಚೆಯ ಸಮಿತಿಯ ಮುಂದೆ ನಿಂತರು. ಪ್ರಾಜಕ್ತಾ ಮೇಡಂ ಆ ಸಮಿತಿಯ ಮುಖ್ಯಸ್ಥೆ. ಮರಾಠಿಯಲ್ಲಿ ಮಾತಾಡುತ್ತಿದ್ದಳು. ಶೇವಂತಾಳಿಗೆ ಮರಾಠಿ ತಿಳಿಯದ ಭಾಷೆಯೇನಲ್ಲ, ಟೋಳಿಯಲ್ಲಿ ಬೈಗುಳವೆಲ್ಲ ಅದರಲ್ಲೇ ಇರುತ್ತದೆ. ಮೇಡಂ ಬೈಯಲಿಲ್ಲ. ಮೆತ್ತಗೆ ಕೇಳಿದಳು. ಮೊದಲ ಗಂಡ ಸತ್ತ ಎಷ್ಟು ದಿನಕ್ಕೆ ಇವನ ಜೊತೆ ಇರಹತ್ತಿದೆ? ಮದುವೆ ಎಲ್ಲಿ ಆಯಿತು? ಒಂದೇ ಗುಡಿಸಲಿನಲ್ಲಿ ಮಲಗುತ್ತೀರಾ? ಕೂಸು ಎಲ್ಲಿ ಮಲಗುತ್ತದೆ? ಇವನು ನಿನಗಿಂತ ಎಷ್ಟು ಸಣ್ಣವನು? ಬಾಜೂಕಿನ ಗುಮಾಸ್ತ ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದ. ಬರೆಯುತ್ತ ಸತ್ತೆಪ್ಪನನ್ನು ಮೇಲಿಂದ ಕೆಳಗೆ ನೋಡುತ್ತಿದ್ದ.

ಶೇವಂತಾ ನೆಲ ನೋಡುತ್ತ ಬಾಯಿಗೆ ಬಂದ ಲೆಕ್ಕ ಹೇಳಿದಳು, ಉಳಿದದ್ದಕ್ಕೆ ಹೌದೆಂದಳು, ಹೌದೆಂದಳು. ಮಗಳಿಗಾಗಿ ತಿನ್ನಬಾರದ್ದನ್ನು ತಿನ್ನುತ್ತಿದ್ದೇನೆ, ತಿನ್ನುತ್ತೇನೆ ಎಂದುಕೊಂಡಳು.

ಆಮೇಲೆ ನೀಲಮಳನ್ನು ಕರೆತಂದರು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು, ಮೈಗೆ ತುಂಬ ದೊಡ್ಡದಾದ ಯಾರದೋ ಫ್ರಾಕು. ಹುಡುಗಿ ಒಂದು ಗಳಿಗೆ ಬಾಗಿಲಲ್ಲೇ ನಿಂತಿತು. ಆಮೇಲೆ ಓಡಿ ಬಂದು ಅವ್ವನ ಕಾಲು ತಬ್ಬಿಕೊಂಡಿತು. ಅಳಲಿಲ್ಲ. ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸತ್ತೆಪ್ಪನನ್ನು ನೋಡಿತು.

“ಮಾಮಾ, ನೀನೂ ಬಂದೀ? ಮನಿಗೆ ಹೋಗೂನು ನಡಿ ಮಾಮಾ.”

ಮಾಮಾ ಅಂದರೆ ತಾಯಿಯ ಅಣ್ಣತಮ್ಮ. ಮರಾಠಿಯಲ್ಲೂ ಅದೇ. ಪ್ರಾಜಕ್ತಾ ಮೇಡಂ ಪೆನ್ನು ಕೆಳಗಿಟ್ಟಳು.

“ಬಾಪ ಮ್ಹಣತೋಸ ನಾ ತೂ? ಪೋರಗೀ ಮಾಮಾ ಕಾ ಮ್ಹಣತೇ?”

ಅಪ್ಪ ಅನ್ನುತ್ತೀಯಲ್ಲ, ಕೂಸು ಮಾಮಾ ಅನ್ನುತ್ತದೆ ಯಾಕೆ? ಸತ್ತೆಪ್ಪ ಅಕ್ಕನ ಕಡೆ ತಿರುಗಿದ. ಶೇವಂತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದಳು, ಕನ್ನಡ ಮರಾಠಿ ಕಲಸಿ. ಇವನು ತಮ್ಮ, ಪಟ್ಟಿ ಸುಳ್ಳು, ಒಂಟಿ ಹೆಂಗಸಿಗೆ ಕೊಯ್ತಾ ಸಿಗುವುದಿಲ್ಲ, ಮುಕಾದಮ ಹೀಗೆ ಹೇಳು ಅಂದ. ಮೇಡಂ ಕೈ ಎತ್ತಿ ತಡೆದಳು. ಕೂಲಿಗಾಗಿ ತಮ್ಮನನ್ನು ಗಂಡ ಅನ್ನುವ ಹೆಂಗಸು ಲೋಕದಲ್ಲಿ ಇದ್ದಾಳೆಯೇ? ಈಗ ನನ್ನ ಮುಂದೆ ಪ್ರಮಾಣ ಮಾಡಿ ಹೇಳಿದ್ದು ಸುಳ್ಳು, ಇನ್ನು ಇದು ಹೇಗೆ ಖರೆ? ನಿನ್ನಂಥವಳ ಕೈಗೆ ಕೊಟ್ಟರೆ ನಾಳೆ ಈ ಹುಡುಗಿಯನ್ನು ಎಲ್ಲಿಗೆ ಮಾರುತ್ತೀಯೋ. ಕೂಸಿನ ರಕ್ಷಣೆ ನನ್ನ ಜವಾಬ್ದಾರಿ. ನಿಮ್ಮ ರಾಜ್ಯದವರೇ ಬರೆದಿದ್ದಾರೆ, ಆ ವಿಳಾಸದಲ್ಲಿ ಯಾರೂ ಇಲ್ಲ ಎಂದು.

ಬಾಲಗೃಹದ ಆಯಾ ನೀಲಮಳ ಬೆರಳುಗಳನ್ನು ಸೀರೆಯಿಂದ ಒಂದೊಂದಾಗಿ ಬಿಡಿಸಿದಳು. ಹುಡುಗಿಗೆ ಆಗ ಅಳು ಬಂತು. ಆ ಅಳು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಸತ್ತೆಪ್ಪ ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡ.

ಶೇವಂತಾ ಹೊಲಕ್ಕೆ ಮರಳಿದವಳು ಮೂರು ದಿನ ಕಬ್ಬು ಕಡಿದಳು. ನಾಲ್ಕನೇ ದಿನ ಹೆಂಗಸರೆಲ್ಲ ಕಾಲುವೆಯ ಬಳಿ ಬುತ್ತಿ ಬಿಚ್ಚಿದಾಗ ಆಕೆ ರೊಟ್ಟಿ ಮುಟ್ಟದೆ ಎದ್ದು ನಿಂತಳು.

“ನಿಮ್ಮೊಳಗ ಯಾರ್ಯಾರು ನನ್ನಂಗ ಸುಳ್ಳ ಗಂಡನ್ನ ಬರಸೀರಿ ನನಗ ಗೊತ್ತೈತಿ. ನಾ ಹೆಸರ ಹೇಳೂದಿಲ್ಲ. ಆ ಮೇಡಂ, ಇಂಥಾ ಹೆಂಗಸ ಲೋಕದಾಗ ಇರೂದಾ ಇಲ್ಲ ಅಂದ್ಳು. ಇದ್ದೀವಿ ಅಂತ ಬಂದ ಹೇಳ್ತೀರೇನ?”

ಯಾರೂ ತಲೆ ಎತ್ತಲಿಲ್ಲ. ಕಿರಿಯವಳು ಮಯೂರಿ ಮೆಲ್ಲಗೆ ಅಂದಳು: “ಯಕ್ಕಾ, ಮುಕಾದಮ ಓಡಸತಾನ ನಮ್ಮನ್ನ. ಮುಂದ ಏನ ತಿನ್ನೂನು?”

“ಮಣ್ಣ ತಿನ್ನೂನು. ನನ್ನ ಮಗಳನ್ನ ಯಾರೋ ಒಯ್ಯತಾರ. ಆಕೀಗೆ ಬ್ಯಾರೆ ಹೆಸರ ಇಡ್ತಾರ. ನಾನು ಸತ್ರೂ ಆಕೀಗೆ ಗೊತ್ತಾಗೂದಿಲ್ಲ.” ಅವಳು ಸೆರಗೊಡ್ಡಿದಳು. “ನಿಮ್ಮನ್ನ ಬೇಡ್ಕೋತೀನಿ, ನನ್ನ ಕೈಯಾಗ ಬ್ಯಾರೆ ಏನೂ ಇಲ್ಲ.”

ಹಿರಿಯಳಾದ ಶಿವಗಂಗವ್ವ ರೊಟ್ಟಿಯ ತುಣುಕನ್ನು ಬಾಯಲ್ಲಿಟ್ಟುಕೊಂಡವಳು ಅಗಿಯುವುದನ್ನು ಮರೆತಿದ್ದಳು. ಜ್ಞಾನದೇವ ಬದುವಿನಿಂದ ಕೂಗಿದ ಕೂಡಲೆ ಎಲ್ಲರೂ ಬುತ್ತಿ ಕಟ್ಟಿ ಎದ್ದರು.

ಕೊನೆಯ ದಿನ ಬೆಳಗ್ಗೆ ಶೇವಂತಾ ತಮ್ಮನನ್ನೂ ಕರೆಯದೆ ಒಬ್ಬಳೇ ಹೊರಟಳು. ರಸ್ತೆಗೆ ಬಂದು ತಿರುಗಿದರೆ ಹಿಂದೆ ಟೋಳಿಯ ನಾಲ್ವರು ಹೆಂಗಸರು ನಿಂತಿದ್ದರು. ಹೊಲದಿಂದ ನೆಟ್ಟಗೆ ಬಂದವರು, ತಲೆಗೆ ಸುತ್ತಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ದೂರದಲ್ಲಿ ಜ್ಞಾನದೇವ ಅವರ ತಾಯಿ ತಂಗಿಯರನ್ನೆಲ್ಲ ಎತ್ತಿ ಬೈಯುತ್ತಿದ್ದ. ಈ ಹಂಗಾಮಿನಲ್ಲಷ್ಟೇ ಅಲ್ಲ, ಇನ್ನು ಯಾವ ಹಂಗಾಮಿನಲ್ಲೂ ನಿಮ್ಮನ್ನು ಯಾವ ಟೋಳಿಗೂ ಸೇರಗೊಡುವುದಿಲ್ಲ ಎಂದು ಕೂಗುತ್ತಿದ್ದ. ಅವನು ಅಂದಂತೆ ಮಾಡುವವನೇ. ಅದು ಅವರಿಗೂ ಗೊತ್ತಿತ್ತು. ಶಿವಗಂಗವ್ವ ಮುಂದಿದ್ದಳು, ಮಯೂರಿ ಅವಳ ಸೆರಗು ಹಿಡಿದುಕೊಂಡಿದ್ದಳು.

ಸಮಿತಿಯ ಕಚೇರಿಯ ಕಾವಲುಗಾರ ಅವರ ಸೊಂಟದಲ್ಲಿದ್ದ ಕೊಯ್ತಾ ಕಂಡು ಎಗರಿ ಬಿದ್ದ. ಐದೂ ಕೊಯ್ತಾಗಳನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ಪ್ರಾಜಕ್ತಾ ಮೇಡಂ ನೀಲಮಳ ಫೈಲನ್ನು ತೆರೆದಿಟ್ಟುಕೊಂಡಿದ್ದಳು. ಸಹಿ ಮಾಡುವ ಜಾಗದಲ್ಲಿ ಪೆನ್ಸಿಲಿನ ಗುರುತಿತ್ತು. ಇದೇನು ಗಲಾಟೆ, ಎಲ್ಲ ಹೊರಗೆ ನಡೀರಿ, ಪೊಲೀಸರನ್ನು ಕರೆಸುತ್ತೇನೆ ಎಂದಳು.

“ಕರಸ್ರಿ,” ಎಂದಳು ಶೇವಂತಾ. “ಅವ್ರೂ ಬರ್ಕೊಳ್ಳಿ.”

ಶಿವಗಂಗವ್ವ ಗುಮಾಸ್ತನ ಮೇಜಿನ ಮುಂದೆ ಹೋಗಿ ನಿಂತಳು. ಅವನು ಮೇಡಂ ಕಡೆ ನೋಡಿದ. ಮೇಡಂ ಬರೆದುಕೋ ಎಂಬಂತೆ ಕೈ ಆಡಿಸಿದಳು. ಅವನು ಬೇಸರದಿಂದ ಹಾಳೆ ಎಳೆದುಕೊಂಡು ಹೆಸರು ಕೇಳಿದ, ಊರು ಕೇಳಿದ, ಗಂಡನ ಹೆಸರು ಕೇಳಿದ.

“ಗಂಡ ಸತ್ತ ಒಂಬತ್ತ ವರ್ಷ ಆತು,” ಎಂದಳು ಆಕೆ. ತಲೆಯ ಬಟ್ಟೆ ಬಿಚ್ಚಿ ಮುಖ ತೋರಿಸಿದಳು. “ಪಟ್ಟಿಯಾಗ ನನ್ನ ಗಂಡ ಅಂತ ಸಿದ್ದಲಿಂಗನ ಹೆಸರ ಐತಿ. ಸಿದ್ದಲಿಂಗ ನನ್ನ ಹೊಟ್ಟ್ಯಾಗ ಹುಟ್ಟಿದ ಮಗ. ಹದಿನೇಳ ವರ್ಷ ಅವಂಗ. ಹೂಂ, ಬರ್ಕೋ.”

ಗುಮಾಸ್ತನ ಪೆನ್ನು ಹಾಳೆಯ ಮೇಲೆ ನಿಂತಿತ್ತು, ಮುಂದೆ ಹೋಗಲಿಲ್ಲ.

“ಬರಿಯೋ ಬಾಡ್ಯಾ!”

ಅವಳ ಹಿಂದೆ ಮಯೂರಿ ಆಗಲೇ ತಲೆಯ ಬಟ್ಟೆ ಬಿಚ್ಚುತ್ತಿದ್ದಳು.