ಯಾವ ಉಪ್ಪು

ಸೌತೆಕಾಯಿಯ ಸೀಳಿಗೆ ಮೆತ್ತಿದ ಉಪ್ಪು ನಾಲಿಗೆಗೆ ತಾಕಿದೊಡನೆ ಚುರ್ರೆಂದಿತು, ಬಾಯಲ್ಲಿ ಹುಣ್ಣೇನೂ ಇಲ್ಲ, ಆದರೂ — ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಕಿಟಕಿಯ ತನಕ ಬುಟ್ಟಿ ಎತ್ತಿದ್ದ ಹೆಂಗಸು ಇನ್ನೊಂಚೂರು ಉಪ್ಪು ಹಾಕ್ಲಾ ಅಕ್ಕಾ ಎಂದಿದ್ದಳು, ಸ್ಪಂದನಾ ಬೇಡವೆನ್ನುವಷ್ಟರಲ್ಲಿ ಉದುರಿಸಿಯೇಬಿಟ್ಟಿದ್ದಳು, ಉಪ್ಪು ಉಪ್ಪೇ ತಾನೇ, ಹಾಗಂದುಕೊಂಡೇ ಅಲ್ಲವೇ ಒಂಬತ್ತು ವರ್ಷದ ಹಿಂದೆ ಲ್ಯಾಬಿನಲ್ಲಿ ಆ ಬಾಟಲಿಯನ್ನು ಬೋರಲು ಹಿಡಿದು ತಳಕ್ಕೆ ಬೆರಳಿನಿಂದ ತಟ್ಟಿದ್ದು, ಪೊಟ್ಯಾಸಿಯಂ ಕ್ಲೋರೈಡಿನ ಬಾಟಲಿ, ಒಂದೇ ಒಂದು ಬಿಳಿ ಹರಳು ತಳಕ್ಕೆ ಅಂಟಿಕೊಂಡಿತ್ತು, ಬೀಳಲಿಲ್ಲ, ಪಕ್ಕದಲ್ಲೇ ಸೋಡಿಯಂ ಕ್ಲೋರೈಡಿನ ತುಂಬಿದ ಡಬ್ಬ, ಶುಕ್ರವಾರ ಸಂಜೆ, ಸ್ಟೋರ್ಸ್ ಮುಚ್ಚಿತ್ತು, ಗೈಡ್ ಓಂಕಾರಪ್ಪ ಸರ್‌ಗೆ ಸೋಮವಾರ ಉತ್ತರ ಬೇಕಿತ್ತು.

ಉತ್ತರ ಬೇಕಿದ್ದದ್ದು ಭೀಮೇಶನ ಬಗ್ಗೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಪಿಎಚ್‌ಡಿಯಲ್ಲಿ ಅವಳಿಗಿಂತ ಎರಡು ವರ್ಷ ಕಿರಿಯ, ತನ್ನ ಕಿಣ್ವ ಯಾರ ನೆರವೂ ಇಲ್ಲದೆ ಜೀವಕೋಶದ ಜಿಟಿಪಿ ಅಣುವನ್ನು ಸೀಳುತ್ತದೆ ಎನ್ನುತ್ತಿದ್ದ, ಅದು ಹೇಗಯ್ಯಾ ಎಂದು ಸರ್ ನಗುತ್ತಿದ್ದರು, ಜಿಟಿಪಿಯ ಬಾಲದಲ್ಲಿ ಮೂರು ಫಾಸ್ಫೇಟು, ಕೊನೆಯದನ್ನು ಕತ್ತರಿಸುವುದು ಒಂದು ನೀರಿನ ಅಣು, ನೀರು ಪಕ್ಕದಲ್ಲೇ ಇದ್ದರೂ ಅರ್ಧ ಗಂಟೆ ಒಂದು ಗಂಟೆ ಸತಾಯಿಸುತ್ತದೆ, ಇನ್ನೊಂದು ಪ್ರೋಟೀನು ಬಂದು ತನ್ನಲ್ಲಿರುವ ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಬೆರಳಿನಂತೆ ಒಳಗೆ ಚಾಚಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, ಕೆಲವು ಕಿಣ್ವಗಳಿಗೆ ಆ ಬೆರಳು ಸ್ವಂತದ್ದೇ, ನಿಂದಕ್ಕೆ ಸ್ವಂತದ್ದೂ ಇಲ್ಲ ಎರವಲೂ ಇಲ್ಲ, ಮತ್ತೆ ಯಾವ ದೆವ್ವ ಬಂದು ಸೀಳುತ್ತೆ ಮಾರಾಯ, ಎಂದಿದ್ದರು ಸರ್, ದೆವ್ವಾನೇ ಇರ್ಬೇಕು ಸರ್, ದಿನಾ ಬರ್ತಿದೆ, ಎಂದಿದ್ದ ಭೀಮೇಶ, ಎಲ್ಲರೂ ನಕ್ಕಿದ್ದರು, ಅವಳೂ. ಸ್ಪಂದನಾ, ನೀನೊಂದ್ಸಲ ಮಾಡಿ ನೋಡಮ್ಮ. ಮಾಡಿದಳು. ನನ್ನ ಕೈಲಿ ಬರ್ಲಿಲ್ಲ ಸರ್. ಅಂಕಿಗಳನ್ನು ಕೂತಲ್ಲೇ ಹುಟ್ಟಿಸಿದ್ದಾನೆ ಎಂದು ಸರ್ ಎಲ್ಲರೆದುರು ಅಂದ ಮೇಲೆ ಭೀಮೇಶ ಬಾಗಿಲ ಬಳಿ ಅವಳನ್ನು ತಡೆದು, ಯಾವ ಉಪ್ಪು ಹಾಕಿದ್ರಿ ಅಕ್ಕಾ, ಎಂದು ಮೆಲ್ಲಗೆ ಕೇಳಿದ, ನೀನು ಬರೆದಿದ್ದೇ ಕಣೋ, ಎಂದಳು, ಎಷ್ಟು ಸಲೀಸಾಗಿ ಎಂದಳು, ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಟುಹೋದ, ಮುಂದಿನ ವಾರದಿಂದ ಅವನ ಸ್ಟೂಲಿನ ಮೇಲೆ ಯಾರೋ ಹೆಲ್ಮೆಟ್ ಇಡತೊಡಗಿದರು.

ಮಲವಗೊಪ್ಪ ಯಾರ್ರೀ, ಮಲವಗೊಪ್ಪ, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಬೆರಳಲ್ಲಿ ಇನ್ನೂ ಉಪ್ಪಿನ ಜಿಗುಟು, ಹೋದ ವಾರ ಎಂ.ಎಸ್ಸಿ. ಮಕ್ಕಳ ಪಾಠಕ್ಕೆಂದು ಓದುವಾಗ ಆ ಒಂದು ಸಾಲು, ಜಿಟಿಪಿ ಸೀಳುವ ಕೆಲವು ಕಿಣ್ವಗಳಲ್ಲಿ ಆರ್ಜಿನೈನ್ ಬೆರಳಿನ ಜಾಗದಲ್ಲಿ ಒಂದು ಪೊಟ್ಯಾಸಿಯಂ ಅಯಾನು ಕೂತು ಅದೇ ಕೆಲಸ ಮಾಡುತ್ತದೆ, ಸೋಡಿಯಂ ಚಿಕ್ಕದು, ಆ ಜಾಗ ತುಂಬುವುದಿಲ್ಲ, ಕಿಣ್ವ ಸತ್ತಂತೆ ಬಿದ್ದಿರುತ್ತದೆ — ಪುಸ್ತಕ ಮುಚ್ಚಿದಳು, ತೆರೆದಳು, ಮತ್ತೆ ಅದೇ ಸಾಲು, ಆಗಿನ ಗೆಳತಿ ಸುಶ್ಮಿತಾಗೆ ಫೋನು ಮಾಡಿದಳು, ಅವ್ನಾ, ಭದ್ರಾವತೀಲಿ ಗೊಬ್ರದ ಅಂಗಡಿ ಇಟ್ಕೊಂಡಿದಾನೆ ಮಾರಾಯ್ತಿ, ಈಗ್ಯಾಕೆ ಅವ್ನ ನೆನಪು? ಈಗ್ಯಾಕೆ, ಈಗ ಹೇಳಿದರೆ ಒಂಬತ್ತು ವರ್ಷ ವಾಪಸು ಬರುತ್ತದೆಯೇ, ಹೇಳದಿದ್ದರೆ ಈ ಉಪ್ಪು ನಾಲಿಗೆಯಿಂದ ಹೋಗುತ್ತದೆಯೇ, ಭದ್ರಾವತಿಯಲ್ಲಿ ಬಸ್ಸು ಇಳಿದದ್ದು, ಕೇಳಿಕೊಂಡು ನಡೆದದ್ದು, ಯಾವುದೂ ಸರಿಯಾಗಿ ನೆನಪಿಲ್ಲ, ಎದುರಿಗೆ ಅಂಗಡಿ, ಕೂದಲು ಹಿಂದೆ ಸರಿದ ಭೀಮೇಶ, ಗಿರಾಕಿಯೊಬ್ಬ ಪೊಟ್ಯಾಷ್ ಇಲ್ದಿದ್ರೆ ಯೂರಿಯಾನೇ ಕೊಡು, ಎಲ್ಲಾ ಗೊಬ್ರನೇ ಅಲ್ವೇನೋ ಎನ್ನುತ್ತಿದ್ದಾನೆ, ಅದ್ರ ಕೆಲ್ಸ ಅದೇ ಮಾಡ್ಬೇಕು ಬೀರಪ್ಪಣ್ಣ, ನಾಳೆ ಲೋಡ್ ಬರುತ್ತೆ, ಬನ್ನಿ, ಎನ್ನುತ್ತಾ ತಲೆ ಎತ್ತಿದ, ಅರೆ, ಅಕ್ಕಾ, ನೀವಾ! ಕುರ್ಚಿಯ ಧೂಳು ಒರೆಸಿದ, ಅವಳು ಕೂರಲಿಲ್ಲ, ಕೂತರೆ ಮಾತು ಒಳಗೇ ಉಳಿದೀತು, ಭೀಮೇಶಾ, ಅವತ್ತು ನಾನು ಹಾಕಿದ್ದು ಸೋಡಿಯಂ.

ಗೊತ್ತು ಅಕ್ಕಾ, ಎಂದ, ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟ, ಆ ಪೊಟ್ಯಾಸಿಯಂ ಬಾಟ್ಲಿ ಹಿಂದಿನ ದಿನ ಖಾಲಿ ಮಾಡಿದ್ದೇ ನಾನು, ನಾನಾಗೇ ಹೇಳಿದ್ರೆ ನೆಪ ಅಂತಿದ್ರು, ನೀವು ಹೇಳ್ತೀರಿ ಅಂತ ಕಾದೆ. ಟೀ ಕುಡೀತೀರಾ? — ಕಾದನಂತೆ, ಗೊತ್ತಿದ್ದೇ ಕೇಳಿದ್ದ, ಬಾಗಿಲ ಬಳಿ ಅವಳಿಗೊಂದು ಅವಕಾಶ ಕೊಟ್ಟು ಮುಖ ನೋಡುತ್ತಾ ನಿಂತಿದ್ದ, ನೀನು ಬರೆದಿದ್ದೇ ಕಣೋ, ಟೀ ಬಂದಿದೆ, ಲೋಟ ಬಿಸಿ, ಏನೋ ಹೇಳಬೇಕು, ಬೋರಲು ಹಿಡಿದ ಬಾಟಲಿ, ತಳದಲ್ಲಿ ಒಂದು ಬಿಳಿ ಹರಳು, ಬೆರಳು ತಟ್ಟುತ್ತಿದೆ, ಬೀಳುತ್ತಿಲ್ಲ, ತಟ್ಟುತ್ತಿದೆ, ಆ ಹರಳು…