ಅಂಚೆಚೀಟಿಯ ಮುಖ

ಇಂದುತಾಯಿ ಗಂಡನ ಮೇಲ್ದುಟಿಗೆ ಕ್ಷೌರದ ಕತ್ತಿ ತಾಗಿಸಿದ್ದಳು. ಮೈದುನ ದಿನಕರ ಓಡಿಬಂದು ಅವಳ ಕೈ ಹಿಡಿದ.

"ತಲಿ ಕೆಟ್ಟದೇನ್ರಿ ವಹಿನಿ? ಸ್ನಾನ ಮಾಡಿಸಿದ ಹೆಣದ ಮೀಸಿ ಯಾರಾದ್ರೂ ಬೋಳಿಸ್ತಾರೇನು?"

"ಅವರಿಗೆ ಮೀಸಿ ಸೇರತಿರಲಿಲ್ಲ."

"ದವಾಖಾನ್ಯಾಗ ಬಿದ್ದಿದ್ದ, ಬೆಳದದ. ದಾದಾ ಎಷ್ಟು ಛಂದ ಕಾಣ್ತಾನ ನೋಡ್ರಿ! ಥೇಟ್ ತಾತ್ಯಾ ಖಾಂಬೇಟೆ!"

ಆ ಹೆಸರು ಕೇಳಿದ್ದೇ ಅವಳು ಕೈ ಕೊಸರಿಕೊಂಡಳು; ದಿನಕರ ಕತ್ತಿ ಕಸಿದುಕೊಂಡ.

ದಿನಕರ ಪ್ರೀತಿಯಿಂದಲೇ ಅನಾಹುತ ಮಾಡಿಟ್ಟಿದ್ದ. ಟ್ರಂಕಿನಿಂದ ಅಣ್ಣನ ಹಳೆಯ ವೇಷದ ಕೋಟು ತೆಗೆದು ತೊಡಿಸಿದ್ದ, ದುಂಡು ಕನ್ನಡಕ ಏರಿಸಿದ್ದ. ಪೇಠೆಯ ಜನ ಮೆಚ್ಚಿದ ರೂಪದಲ್ಲೇ ಅಣ್ಣ ಹೊರಡಲಿ ಎಂದು ಅವನ ಆಸೆ. ಚಟ್ಟ ಅಂಗಳದಲ್ಲಿ ಸಿದ್ಧವಾಗಿತ್ತು. ತಾತ್ಯಾರ ದೊಡ್ಡ ಅಭಿಮಾನಿ ತೀರಿಕೊಂಡನೆಂದು ಅವರ ಮಗಳು ಉಜ್ವಲಾ ಮತ್ತು ಸ್ಮಾರಕ ಸಮಿತಿಯ ಕಾರ್ಯದರ್ಶಿ ರಾಸ್ತೆ ಅಂತ್ಯದರ್ಶನಕ್ಕೆ ಬರುತ್ತಿದ್ದಾರೆಂದು ಆಗಲೇ ಫೋನು ಬಂದಿತ್ತು.

*

ಇಂದುತಾಯಿಯ ಗಂಡ ವಾಮನ ಚಾಂದೋರ್ಕರ್ ಪುಣೆಯ ನೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವರ್ಷವಿಡೀ ಅವನನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಗಣಪತಿ ಕೂತನೆಂದರೆ ಮಾತ್ರ ಅವನೇ ರಾಜ. ಮೀಸೆ, ಕೋಟು, ದುಂಡು ಕನ್ನಡಕದಲ್ಲಿ ಮಂಟಪ ಹತ್ತಿ, ಇಡೀ ಮಹಾರಾಷ್ಟ್ರವನ್ನು ನಗಿಸಿದ ಹಾಸ್ಯಗಾರ ತಾತ್ಯಾರ ಮಾತನ್ನು ಅವರದೇ ದನಿಯಲ್ಲಿ ಆಡಿದರೆ ಸದಾಶಿವ ಪೇಠೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ತಾತ್ಯಾ ತೀರಿಕೊಂಡ ಮೇಲೆ ಅವರ ನೆನಪಿಗೆ ಅಂಚೆಚೀಟಿ ಬರುತ್ತದೆಂದಾಯಿತು. ಸಮಿತಿಯವರು ಅಭಿಮಾನಿಗಳಿಂದ ಫೋಟೊ ಕೂಡಿಸಿದರು. ವಾಮನ ತನ್ನಲ್ಲಿದ್ದ ಕಟ್ಟನ್ನೇ ಕೊಟ್ಟುಬಿಟ್ಟ. ವೇಷದಲ್ಲಿದ್ದ ಅವನದೂ ಒಂದು ಅದರೊಳಗೆ ಸೇರಿಹೋಗಿತ್ತು. ಸಮಿತಿ ಆರಿಸಿದ್ದು ಅದನ್ನೇ.

ಬಿಡುಗಡೆಯ ದಿನ ಕಿಕ್ಕಿರಿದ ಸಭಾಗೃಹದಲ್ಲಿ ಅಂಚೆಚೀಟಿಯ ದೊಡ್ಡ ಚಿತ್ರದ ಮೇಲಿನ ಪರದೆ ಸರಿಯಿತು. "ಏನು ಜೀವಕಳೆ!" ಎಂದು ತಾತ್ಯಾರ ಗೆಳೆಯರೇ ಕಣ್ಣೊರೆಸಿಕೊಂಡರು. ವಾಮನ ಹೆಂಡತಿಯ ಕೈ ಹಿಚುಕಿದ.

"ಇಂದೂ, ಅದು ನಾನು."

"ಹಂಗಾರ ಎದ್ದು ಹೇಳ್ರಿ."

"ಹೇಳಿದರ ಬಿಡ್ತಾರೇನು? ಕಳ್ಳ ಹೋಗಿ ಗರ್ಭಗುಡಿಯಾಗ ಕೂತಾನ ಅಂತಾರ. ಬಾಯಿ ಮುಚ್ಚಿಕೊಂಡು ಚಪ್ಪಾಳೆ ಹೊಡಿ."

ಮನೆಗೆ ಬಂದವನೇ ಮೀಸೆ ಬೋಳಿಸಿದ. ಮತ್ತೆ ಮಂಟಪ ಹತ್ತಲಿಲ್ಲ. ಪೋಸ್ಟ್‌ಮನ್ ಕದ ತಟ್ಟಿದರೂ ಬೆವರುತ್ತಿದ್ದ. ಊರನ್ನೇ ನಗಿಸಿದವನು ಮನೆಯೊಳಗೂ ನಗುವುದನ್ನು ಬಿಟ್ಟ. ಇಂದುತಾಯಿಗೆ ಎಲ್ಲಕ್ಕಿಂತ ದೊಡ್ಡ ಸಂಕಟ ಅದೇ ಆಗಿತ್ತು.

*

ಉಜ್ವಲಾ ಚಟ್ಟದ ಪಕ್ಕ ಕೂತು ಮುಖ ನೋಡಿದಳು. ನೋಡುತ್ತಲೇ ಇದ್ದಳು. ಹೆಣ ಹೊರಡುವ ಮೊದಲೇ ಅವನ ಮರ್ಯಾದೆ ಹೊರಟುಹೋಗುತ್ತದೆ, ಅಷ್ಟೇ ಎಂದುಕೊಂಡಳು ಇಂದುತಾಯಿ.

ರಾಸ್ತೆ ಬಗ್ಗಿದ. "ಅರೇ, ಈ ಮುಖಾ ಹಿಂಗೇ ಎಲ್ಲೋ ನೋಡೇನಲ್ಲ! ತಡೀರಿ, ಚಾಳೀಸು ಹಾಕ್ಕೋತೀನಿ. ಪೇಪರಿಗೂ ಒಂದು ಫೋಟೊ ಇರಲಿ." ಅವನು ಜೇಬು ತಡಕಾಡತೊಡಗಿದ.

ಇಂದುತಾಯಿ ಉಜ್ವಲಾಳ ಕಿವಿಯ ಹತ್ತಿರ ಬಾಗಿದಳು. "ತಾಯೀ, ಅವರು ಬೇಕಂತ ಮಾಡಿದ್ದಲ್ಲ..."

"ಗೊತ್ತು ಕಾಕೂ," ಎಂದು ಉಜ್ವಲಾ ಮೆಲ್ಲಗೆ ಹೇಳಿದಳು. "ಚೀಟಿ ಬಂದ ಮೊದಲನೇ ದಿನಾನೇ ನಮ್ಮ ಆಯಿ ಅದು ಬಾಬಾ ಅಲ್ಲ ಅಂತ ಗುರುತು ಹಿಡಿದಿದ್ಲು. ಹೆಂಡತಿಗೆ ಗಂಡನ ಮುಖ ಗೊತ್ತಾಗೂದಿಲ್ಲೇನು? ಇವರು ಎಲ್ಲಿ ಬಂದು 'ಅದು ನಾನು' ಅಂದು ಬಾಬಾನ್ನ ನಗೆಪಾಟಲು ಮಾಡ್ತಾರೋ ಅಂತ ನಾವೇ ಇಷ್ಟು ವರ್ಷ ಅಂಜಿಕೊಂಡು ಕೂತಿದ್ವಿ."

ಇಂದುತಾಯಿಗೆ ದುಃಖ ಒತ್ತರಿಸಿ ಬಂತು. ಒಂದೇ ಊರಿನ ಎರಡು ಮನೆಗಳು ಒಂದಕ್ಕೊಂದು ಹೆದರಿಕೊಂಡು ಬಾಳಿದ್ದವು. ಒಂದು ಮಾತು ಆಡಿದ್ದರೆ ಅವನು ನಗುತ್ತಿದ್ದನೇನೋ.

ರಾಸ್ತೆಗೆ ಚಾಳೀಸು ಸಿಕ್ಕಿತು, ಮೂಗಿಗೆ ಏರಿಸಿಕೊಂಡ.

ಉಜ್ವಲಾ ಥಟ್ಟನೆ ಹೆಣಕ್ಕೆ ಹಚ್ಚಲು ಹೂವಿನ ಪಕ್ಕದಲ್ಲಿಟ್ಟಿದ್ದ ತಟ್ಟೆಗೆ ಕೈ ಹಾಕಿ, ಮುಷ್ಟಿ ತುಂಬ ಕೆಂಪು ಗುಲಾಲು ತೆಗೆದು ಮೀಸೆಗೆ, ಕೆನ್ನೆಗೆ, ಕನ್ನಡಕದ ಗಾಜಿಗೆ ಬಳಿದಳು. ಇಂದುತಾಯಿಯೂ ಮುಷ್ಟಿ ತುಂಬಿಕೊಂಡಳು. ರಾಸ್ತೆ ಫೋನು ಎತ್ತಿ ಹಿಡಿಯುವ ಹೊತ್ತಿಗೆ ಚಟ್ಟದ ಮೇಲೆ ಮುಖವೇ ಇರಲಿಲ್ಲ, ಬರೀ ಕೆಂಪು. ಇಬ್ಬರು ಹೆಂಗಸರು ಇನ್ನೂ ಬಳಿಯುತ್ತಲೇ ಇದ್ದರು.